ಮುಖ ನೋಡುವ ಕಾಣಿಕೆ

“ಹಲ್ಲು ಬಿಡ್ರೇ ಮುಂಡೇವಾ. ಸರ್ಕಾರದ ಪಟ ಇದು. ಯಾರೋ ಸತ್ತವ್ರಂಗೆ ಕೂತವೆ.”

ಹೀಗೆಂದವನು ಎಸೆನ್‌ಗುಲ್, ಪಟ್ಟಣದ ಸಂಸ್ಕೃತಿ ಕಚೇರಿಯವನು. ಬಸ್ ನಿಲ್ದಾಣದ ಗೋಡೆಗೊರಗಿ ಕೂಲಿಗೆ ಕಾಯುತ್ತಿದ್ದ ನಮಗೆ ಹೇಳಿದ್ದು. ಆ ಬೈಗುಳ ನಿಜವಾಗಿ ಸಲ್ಲುತ್ತಿದ್ದುದು ನನ್ನೊಬ್ಬಳಿಗೆ. ಉಳಿದವರು ಸುಮ್ಮನೆ ಹಂಚಿಕೊಂಡರು.

ಅವನ ಜೊತೆ ರಾಜಧಾನಿಯಿಂದ ಬಂದ ಫೋಟೋದವನಿದ್ದ. ಮೆತ್ತಗಿನ ಮನುಷ್ಯ. ಅವನಿಗೆ ನಗು ಬೇಕಿರಲಿಲ್ಲ. ಹಾಗೇ ಇರಲಿ, ಸುಸ್ತು ಕಾಣಲಿ, ಅದೇ ಚೆಂದ ಎನ್ನುತ್ತ ಮಂಡಿಯೂರಿದ. ಪಟ್ಟಣದ ಹಬ್ಬಕ್ಕೆ ಸುಖವಾಗಿರುವ ಹೆಂಗಸರೇ ಬೇಕೆಂದು ಎಸೆನ್‌ಗುಲ್ ಪಟ್ಟು ಹಿಡಿದ. ನಮ್ಮಲ್ಲೆಲ್ಲ ಹಿರಿಯಳಾದ ಕಲ್ಬು ಅಪಾ ಇಬ್ಬರನ್ನೂ ನೋಡಿದಳು.

“ಒಳೀಕ್ ಹೋಗಿ ಮಾತಾಡ್ಕಂಡ್ ಬನ್ರಪ್ಪ. ಬೇಕಾದ್ರೆ ಎಡಗಡೆ ಕೆನ್ನೇಲಿ ನಗ್ತೀವಿ, ಬಲಗಡೆ ಕೆನ್ನೇಲಿ ಅಳ್ತೀವಿ.”

ನಮ್ಮಲ್ಲಿ ಹಿರಿಯಳನ್ನು ಅಪಾ, ಅಕ್ಕನ ವಯಸ್ಸಿನವಳನ್ನು ಎಜೆ ಎನ್ನುತ್ತಾರೆ. ನನ್ನ ಪಕ್ಕದಲ್ಲಿ ಉಲ್ಕಾನ್ ಎಜೆ ರೊಟ್ಟಿ ಅಗಿಯುತ್ತಿದ್ದಳು. ಅವಳಿಗೆ ನಗು ತಡೆಯಲಾಗಲಿಲ್ಲ. ಬಾಯಿ ತುಂಬ ರೊಟ್ಟಿ, ಎರಡು ಚಿನ್ನದ ಹಲ್ಲು, ತಲೆಯ ಮೇಲೆ ಬಿಸಿಲಿಗೆಂದು ಮಡಿಸಿ ಹೊದ್ದ ಈರುಳ್ಳಿ ಚೀಲ. ಫೋಟೋದವನು ಆ ಕ್ಷಣವನ್ನೇ ಹಿಡಿದ.

ಹೊಲಕ್ಕೆ ಹೊರಡುವಾಗ ನಾವು ಬಿಳಿ ಬಟ್ಟೆಯಿಂದ ಮುಖ ಸುತ್ತಿಕೊಳ್ಳುತ್ತೇವೆ. ಕಣ್ಣಷ್ಟೇ ಹೊರಗೆ. ಬಿಸಿಲಿಗೆ ಎಂದು ಹೇಳುತ್ತೇವೆ. ಗುರುತಿನವರಿಗೆ ಕಾಣದಿರಲಿ ಎಂಬುದು ಹೆಚ್ಚು ನಿಜ. ಅವತ್ತು ಚಹಾ ಕುಡಿಯಲೆಂದು ಬಿಚ್ಚಿದ್ದೆವು.

ಫೋಟೋದವನು ಪಟವನ್ನು ಉಲ್ಕಾನ್ ಎಜೆಗೆ ತೋರಿಸಿದ, ಖುಷಿಪಡಲಿ ಎಂದು. ಅವಳ ಅಗಿಯುವ ಬಾಯಿ ನಿಂತಿತು. ಅಳಿಸಿಬಿಡಪ್ಪ ಎಂದಳು. ಅವನು ಎದೆಯ ಮೇಲೆ ಕೈಯಿಟ್ಟುಕೊಂಡು, ಇಷ್ಟು ಜೀವಂತ ಮುಖ ತನಗೆ ಎಲ್ಲೂ ಸಿಕ್ಕಿರಲಿಲ್ಲ ಎಂದ. ಎಸೆನ್‌ಗುಲ್‌ಗೆ ಅಷ್ಟು ಹೊತ್ತು ಇರಲಿಲ್ಲ.

“ಮನೆಗೆ ನುಗ್ಗಿ ತೆಗೆದ್ವಾ? ರಸ್ತೆ ಇದು. ರಸ್ತೆ ಎಲ್ಲರದ್ದು.”

“ಅಂಗಾ ಮಗಾ?” ಎಂದಳು ಕಲ್ಬು ಅಪಾ. “ಪೊಲೀಸಿನವ್ನು ದಿನಾ ಬಂದು ರಸ್ತೆ ನಿಮ್ಮಪ್ಪಂದಾ ಅಂತವಾ ಕೇಳ್ತಾನೆ. ಗೊತ್ತಿಲ್ದೆ ಒದೆ ತಿಂತಿದ್ವಿ. ಅವ್ನಿಗೂ ಒಂದ್ ಮಾತು ಹೇಳ್ಬಿಡು.”

ಹೋಗುವ ದಾರಿಯಲ್ಲಿ ಫೋಟೋದವನು ಕರಬೂಜ ಮಾರುವವನ ಪಟ ತೆಗೆದ, ಅವನನ್ನು ಕೇಳಿ. ಒಂದು ನಾಯಿಯದನ್ನೂ ತೆಗೆದ, ಅದರ ಒಡೆಯನನ್ನು ಕೇಳಿ. ಪೊಲೀಸಿನವನು ಎದುರಾದಾಗ ಕ್ಯಾಮೆರಾವನ್ನೇ ಕೆಳಗಿಳಿಸಿದ.

ಉಲ್ಕಾನ್ ಎಜೆಯ ಮಗಳು ಬೆರ್ಮೆತ್‌ಗೆ ಗಂಡು ಗೊತ್ತಾಗಿತ್ತು. ಹುಡುಗನ ತಾಯಿ ಹಬ್ಬದ ದಿನವೇ ಬಸ್ಸಿನಲ್ಲಿ ಬಂದು ಹುಡುಗಿಯ ಕಿವಿಗೆ ಓಲೆ ಇಡುವುದಿತ್ತು. ಅದಾದರೆ ಮಾತು ಮುಗಿದಂತೆ. ಆ ಮನೆಯವರಿಗೆ ಹೇಳಿದ್ದು, ಉಲ್ಕಾನ್ ಎಜೆ ಶಿಶುವಿಹಾರದಲ್ಲಿ ಅಡುಗೆಯವಳು ಎಂದು. ಗೋಡೆ ಪಕ್ಕ ನಿಂತು, ಬಂದ ಗಾಡಿಯವನು ಬೊಟ್ಟು ಮಾಡಿದರೆ ಹತ್ತುವವಳ ಮಗಳನ್ನು ಅವರು ತರುವವರಲ್ಲ. ಇಂಥ ಹೆಂಗಸರ ಬಗ್ಗೆ ಊರು ಏನೆಲ್ಲ ಆಡುತ್ತದೆಂದು ನಮಗೆ ಗೊತ್ತು. ಇಲ್ಲಿಗೆ ಬರುವ ಮೊದಲು ನಾವೂ ಆಡಿದವರೇ.

ಹಬ್ಬಕ್ಕೆ ಆ ಪಟ ಬಸ್ ನಿಲ್ದಾಣದ ಮುಂದೆಯೇ ನಿಲ್ಲುತ್ತದೆ, ಆಳೆತ್ತರದ್ದು ಎಂದು ಗೊತ್ತಾದಾಗ, ಓದಿದವಳು ನೀನು, ಹೋಗಿ ಹೇಳು ಎಂದು ನನ್ನನ್ನು ಕಚೇರಿಗೆ ಕಳಿಸಿದರು. ವಿಶ್ವವಿದ್ಯಾಲಯದಲ್ಲಿ ಕಲಿತ ಭಾಷೆಯನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋದೆ. ಎಸೆನ್‌ಗುಲ್ ಕೂರಲು ಹೇಳಲಿಲ್ಲ. ಕಾನೂನು ಹೇಳಿದ. ಆಮೇಲೆ ಕೇಳಿದ:

“ಗಂಡ ಎಲ್ಲಿ, ರಷ್ಯಾದಲ್ಲಾ?”

“ಹೋದದ್ದು ಅಲ್ಲಿಗೆ. ಈಗ ಇಲ್ಲೇ ಇದ್ದಾರೆ, ಗುಡ್ಡದ ಮೇಲೆ.”

ಗುಡ್ಡದ ಮೇಲಿರುವುದು ಸ್ಮಶಾನ. ಅವನು ಕಡತದ ದಾರ ಬಿಚ್ಚಿ ಮತ್ತೆ ಕಟ್ಟಿದ. ನಂತರ ಸಮಾಧಾನ ಮಾಡುವವನಂತೆ, ಆ ಪಟದಲ್ಲಿ ನಿನ್ನದೂ ಅರ್ಧ ಭುಜ ಇದೆ, ಹೆಮ್ಮೆಪಡು ಎಂದ.

ಬಂದು ಹೇಳಿದೆ. ಉಲ್ಕಾನ್ ಎಜೆ ಮುಖದ ಬಟ್ಟೆ ಬಿಗಿ ಮಾಡಿಕೊಂಡಳು. ಅವತ್ತು ಈರುಳ್ಳಿ ಹೊಲದಲ್ಲಿ ಊಟಕ್ಕೂ ಅದನ್ನು ಬಿಚ್ಚಲಿಲ್ಲ, ಅಡಿಯಿಂದ ತುತ್ತು ತೂರಿಸಿಕೊಂಡು ತಿಂದಳು. ಕಲ್ಬು ಅಪಾ ಅದನ್ನೇ ನೋಡುತ್ತಿದ್ದಳು.

“ಮದುಮಗಳಂಗ್ ಕಾಣ್ತೀಯ ಕಣಮ್ಮಿ,” ಎಂದಳು.

ನಮ್ಮಲ್ಲಿ ಹೊಸ ಸೊಸೆಯನ್ನು ಪರದೆಯ ಹಿಂದೆ ಕೂರಿಸುತ್ತಾರೆ. ಅವಳ ಮುಖ ನೋಡಬೇಕೆಂದವರು ಮೊದಲು ಕಾಣಿಕೆ ಕೊಡಬೇಕು. ಏನು ಕೊಡಬೇಕೆಂದು ಹೇಳುವುದು ಪರದೆ ಕಾಯುವ ಮುದುಕಿ. ಕೊಡದೆ ಪರದೆಗೆ ಕೈ ಹಾಕಿದರೆ ಆ ಕೈಯವನ ಮನೆಗೆ ಕೇಡು ಎನ್ನುತ್ತಾರೆ. ನಂಬದವರೂ ಕೈ ಹಾಕುವುದಿಲ್ಲ.

ಹಬ್ಬದ ಬೆಳಿಗ್ಗೆ ಎಸೆನ್‌ಗುಲ್ ಅಧಿಕಾರಿಗಳನ್ನೂ ಡೋಲಿನವರನ್ನೂ ಕರೆದುಕೊಂಡು ಬರುವ ಹೊತ್ತಿಗೆ ಪಟದ ಮೇಲೆ ಪರದೆ ಬಿದ್ದಿತ್ತು. ಕಲ್ಬು ಅಪಾ ಸೊಸೆಯಂದಿರನ್ನು ಮನೆ ತುಂಬಿಸಿಕೊಂಡಾಗ ಕಟ್ಟಿದ್ದ ಕೆಂಪು ಕಸೂತಿಯ ಪರದೆ. ಈರುಳ್ಳಿ ಪೆಟ್ಟಿಗೆಗಳ ಮೇಲೆ ಹತ್ತಿ ಕಟ್ಟಿದವರು ನಾವು. ಮುಂದೆ ಕಲ್ಬು ಅಪಾ ಪೀಠ ಹಾಕಿಕೊಂಡು ಕೂತಿದ್ದಳು. ಸುತ್ತ ನಾವು, ಮುಖ ಸುತ್ತಿಕೊಂಡು. ನಮ್ಮ ಸುತ್ತ ಆಗಲೇ ಅರ್ಧ ಸಂತೆ.

“ಏನಿದು?” ಎಂದ ಎಸೆನ್‌ಗುಲ್.

“ಒಳಗೆ ಮದುಮಗಳವ್ಳೆ ಮಗಾ. ಕಾಣಿಕೆ ಮಡುಗು, ನೋಡು.”

ಜನ ನಕ್ಕರು. ಅವನೂ ನಗಬೇಕಾಯಿತು, ಹಿಂದೆ ಅಧಿಕಾರಿಗಳಿದ್ದರು. ಜೇಬಿನಿಂದ ಒಂದು ನೋಟು ತೆಗೆದ. ಕಲ್ಬು ಅಪಾ ಅದನ್ನು ನೋಡಲೂ ಇಲ್ಲ.

“ದುಡ್ಡು ಬ್ಯಾಡ. ಆ ಡಬ್ಬಿ ಒಳಗಿರೋ ಪಟ ಅಳ್ಸು. ಈ ಹಲಗೆ ಬಿಚ್ಚು. ನಮ್ ಹುಡ್ಗಿ ಮುಖಕ್ಕೆ ಅಷ್ಟೇ ಬೆಲೆ.”

ಅವನು ಪೊಲೀಸಿನವನಿಗೆ ಪರದೆ ಕೀಳಲು ಹೇಳಿದ. ಪೊಲೀಸಿನವನು ಪರದೆಯವರೆಗೂ ಬಂದ. ದಿನಾ ನಮ್ಮನ್ನು ಬೂಟುಗಾಲಿನಲ್ಲಿ ಎಬ್ಬಿಸುವವನು. ಕಸೂತಿ ನೋಡಿದ, ಕಲ್ಬು ಅಪಾಳನ್ನು ನೋಡಿದ, ಮನೆಯಲ್ಲಿ ಹೆಂಡತಿಗೆ ದಿನ ತುಂಬಿದೆ ಎಂದು ಗೊಣಗಿ ಹಿಂದೆ ಸರಿದ. ಡೋಲಿನವರು ಮದುವೆಯ ತಾಳ ಹಿಡಿದರು. ಯಾರೂ ಹೇಳಿರಲಿಲ್ಲ.

“ಮುದುಕಿ, ಜೈಲಿಗೆ ಹೋಗ್ತೀಯ,” ಎಂದ ಎಸೆನ್‌ಗುಲ್, ಹಲ್ಲು ಕಚ್ಚಿ, ಮೆಲ್ಲಗೆ.

“ಓಗ್ತೀನಿ ಮಗಾ. ನಿನ್ ಮದ್ವೇಲೂ ಪರದೆ ಕಾಯ್ದೋಳು ನಾನೆಯ. ನಿಮ್ಮವ್ವ ಕಾಣಿಕೆಗೆ ಕುರಿ ಕೊಟ್ಲು. ನೀನು ಬೈಗುಳ ಕೊಡ್ತಿದೀಯ.”

ಅಷ್ಟರಲ್ಲಿ ಬಸ್ಸು ಬಂತು. ಇಳಿದವರಲ್ಲಿ ಬಿಳಿಯ ಹೊಸ ತಲೆವಸ್ತ್ರ ಕಟ್ಟಿದ ದಪ್ಪ ಹೆಂಗಸೊಬ್ಬಳಿದ್ದಳು. ಉಲ್ಕಾನ್ ಎಜೆಯ ಬೆರಳು ನನ್ನ ತೋಳಿಗೆ ನಾಟಿದಾಗ ಅವಳು ಯಾರೆಂದು ತಿಳಿಯಿತು. ಬೀಗಿತ್ತಿ ಜನರ ನಡುವೆ ದಾರಿ ಮಾಡಿಕೊಂಡು ಬಂದಳು. ಡೋಲು, ಪರದೆ ನೋಡಿ ಮುಖ ಅರಳಿತ್ತು. ಯಾರ ಮನೆ ಸೊಸೆ ಎಂದು ಕೇಳಿದಳು.

ಕಲ್ಬು ಅಪಾ ಪರದೆಯ ಅಂಚನ್ನು ಸರಿಮಾಡತೊಡಗಿದಳು.

ಉಲ್ಕಾನ್ ಎಜೆ ಹಾಗೇ ನಿಂತಿದ್ದರೆ ಆಗುತ್ತಿತ್ತು. ಸುತ್ತಿದ ಮುಖಗಳಲ್ಲಿ ಅವಳನ್ನು ಹೆತ್ತವಳೂ ಗುರುತಿಸಲಾರಳು. ಹಿಂದಿನ ಓಣಿಯಿಂದ ಮನೆಗೆ ಓಡಿ, ಬಟ್ಟೆ ಬದಲಿಸಿ, ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳಲು ಸಮಯವೂ ಇತ್ತು. ಹೋಗು ಎಂದು ನಾನು ಅವಳ ಬೆನ್ನು ತಳ್ಳಿದೆ.

ಅವಳು ಓಣಿಯ ಕಡೆ ಹೋಗಲಿಲ್ಲ. ಪರದೆಯ ಮುಂದೆ ಹೋಗಿ ನಿಂತು ಮುಖದ ಬಟ್ಟೆ ಬಿಚ್ಚಿದಳು. ಒಂದೊಂದೇ ಸುತ್ತು, ಅವಸರವಿಲ್ಲದೆ.

“ನಾನೇ ಕಣಕ್ಕ ಒಳಗಿರೋಳು. ಅಡ್ಗೆ ಕೆಲ್ಸದೋಳಲ್ಲ. ಇಲ್ಲೇ ನಿಂತ್ಕತೀನಿ, ಈರುಳ್ಳಿ ಕೀಳಾಕ್ ಓಗ್ತೀನಿ.” ಚಿನ್ನದ ಹಲ್ಲು ಕಂಡಿತು. “ಕಾಣಿಕೆ ನೀನ್ ಕೊಡಬ್ಯಾಡ. ಮೊದ್ಲು ನೋಡ್ದೋರು ಇವ್ರು. ಇವ್ರು ಕೊಡ್ಲಿ.”

ಎಸೆನ್‌ಗುಲ್‌ನತ್ತ ಕೈ ಚಾಚಿದಳು. ಅಂಗೈಯ ಗೆರೆಗಳಲ್ಲಿ ಹೊಲದ ಮಣ್ಣು ಕಪ್ಪಾಗಿ ಕೂತಿತ್ತು.

ಡೋಲು ನಿಂತಿತು. ಫೋಟೋದವನ ಕ್ಯಾಮೆರಾ ತಾನಾಗಿಯೇ ಎಂಬಂತೆ ಕಣ್ಣಿಗೇರಿತು. ಆಮೇಲೆ ಏನನ್ನಿಸಿತೋ, ತುಸು ಕೆಳಗಿಳಿಸಿ ಅವಳನ್ನು ಕೇಳಿದ.

“ತೆಗೀಲಾ ಎಜೆ?”

“ಬ್ಯಾಡ.”

ಅವನು ಕ್ಯಾಮೆರಾವನ್ನು ಕೋಟಿನೊಳಗೆ ಸೇರಿಸಿದ. ಎಸೆನ್‌ಗುಲ್ ನೋಟು ಹಿಡಿದುಕೊಂಡೇ ನಿಂತಿದ್ದ. ಚಾಚಿದ ಕೈ ಹಾಗೇ ಇತ್ತು. ವಾಪಸು ಹೊರಡಲು ಬಸ್ಸಿನವನು ಹಾರ್ನ್ ಹೊಡೆದ, ಮತ್ತೆ ಹೊಡೆದ. ಬೀಗಿತ್ತಿ ಬಸ್ಸಿನ ಕಡೆಗೂ ಹೋಗಲಿಲ್ಲ, ನಮ್ಮ ಕಡೆಗೂ ಬರಲಿಲ್ಲ.