ಕಣ್ಣು ಮುಚ್ಚಿ ಹಾಕಿದ ಸಹಿ

ಉತ್ತರ ಐಸ್‌ಲ್ಯಾಂಡಿನ ನಮ್ಮ ಕಣಿವೆಯಲ್ಲಿ ಶಾಲೆಯ ಬಸ್ಸು ಓಡಿಸುವವಳು ನಾನೇ. ಯಾವ ಮಗುವಿಗೆ ಯಾವತ್ತು ಹೊಟ್ಟೆನೋವು ಅನ್ನುವುದು ಡಾಕ್ಟರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ. ಎರಡನೇ ತರಗತಿಯ ಲೋವಾಗೆ ದಿನಾ ಬೆಳಿಗ್ಗೆ ಹೊಟ್ಟೆನೋವು. ಶನಿವಾರ, ಭಾನುವಾರ ಮಾತ್ರ ಗುಣ.

ನಮ್ಮಲ್ಲಿ ಮಕ್ಕಳು ದಿನಕ್ಕೆ ಹದಿನೈದು ನಿಮಿಷ ಮನೆಯಲ್ಲಿ ಗಟ್ಟಿಯಾಗಿ ಓದಬೇಕು. ಕೇಳಿಸಿಕೊಂಡ ಹಿರಿಯರು ಮಗು ಹೇಗೆ ಓದಿತು ಎಂದು ಶಾಲೆಯ ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಲೋವಾಳ ತಾಯಿ ಸ್ಟೇನುನ್‌ಗೆ ಆಸ್ಪತ್ರೆಯಲ್ಲಿ ಪಾಳಿ ಕೆಲಸ. ಹಾಗಾಗಿ ಆ ಕೆಲಸ ಅಜ್ಜ ಕೋಲ್ಬೇನನದು. ಒಂದು ವರ್ಷದಿಂದ ದಿನವೂ ಅದೇ ಮಾತು: "ಚೆನ್ನಾಗಿ ಓದಿದಳು." ಕೆಳಗೆ ದೊಡ್ಡ ಸಹಿ.

ಸೆಪ್ಟೆಂಬರಿನಲ್ಲಿ ಟೀಚರ್ ಸೋಲ್ರೂನ್ ತರಗತಿಯ ಎಲ್ಲ ಮಕ್ಕಳ ಓದಿನ ತಪಾಸಣೆ ಮಾಡಿದಳು. ಲೋವಾಳನ್ನು ಇನ್ನೊಮ್ಮೆ ಹತ್ತಿರದಿಂದ ನೋಡಬೇಕು ಎಂದು ಒಪ್ಪಿಗೆ ಪತ್ರ ಕಳಿಸಿದಳು. ತನ್ನ ಅಪ್ಪ ಕೋಲ್ಬೇನ್ ಒಪ್ಪಿದರೆ ತಾನೂ ಸಹಿ ಹಾಕುವೆ ಅಂದಳು ಸ್ಟೇನುನ್. ಮುದುಕ ಆ ಪತ್ರವನ್ನು ಜೇಬಿಗೆ ತುರುಕಿ ಕೂತುಬಿಟ್ಟ.

ಬೆಟ್ಟದಿಂದ ಕುರಿ ಇಳಿಸಿ ತಂದ ಶನಿವಾರ ನಾವೆಲ್ಲ ಅವನ ದೊಡ್ಡಿಯಲ್ಲಿದ್ದೆವು. ಸೋಲ್ರೂನ್ ಕೂಡ ಕೈಜೋಡಿಸಲು ಬಂದಿದ್ದಳು. ಅವಳನ್ನು ಕಂಡದ್ದೇ ತಡ, ಕೋಲ್ಬೇನ್ ಸಿಡುಕಿದ.

"ನಮ್ಮ ಹುಡುಗಿಗೆ ಓದೋಕೆ ಬರಲ್ಲ ಅಂತೀಯಂತೆ. ದಿನಾ ಕೇಳ್ತೀನಮ್ಮ ನಾನು, ಒಂದಕ್ಷರ ತಪ್ಪಲ್ಲ. ಹಾಗಾದ್ರೆ ನನ್ನ ಸಹಿ ಸುಳ್ಳಾ?"

ಹೇಗೆ ಕೇಳುತ್ತೀರಿ ಎಂದು ಅವಳು ವಿಚಾರಿಸಿದಳು. ಅಜ್ಜ ಹೆಮ್ಮೆಯಿಂದಲೇ ಹೇಳಿದ: ಮೊದಲು ತಾನು ಆ ಪುಟವನ್ನು ರಾಗವಾಗಿ ಓದುತ್ತಾನೆ, ಆಮೇಲೆ ಲೋವಾ. ತಾನು ಕುರ್ಚಿಗೆ ಒರಗಿ ಕಣ್ಣು ಮುಚ್ಚಿ ಕೇಳುತ್ತಾನೆ.

ಬೇಲಿಯ ಮೇಲೆ ಕೂತಿದ್ದ ಲೋವಾ ತಲೆ ತಗ್ಗಿಸಿದಳು.

"ಅಜ್ಜ ಓದಿದ್ದು ನೆನಪಿರುತ್ತೆ," ಅಂದಳು. "ನಾನು ಅದನ್ನೇ ಹೇಳ್ತೀನಿ. ಪುಸ್ತಕ ನೋಡಿದ್ರೆ ಏನೂ ಗೊತ್ತಾಗಲ್ಲ. ನಾನು ದಡ್ಡಿ."

ಮುದುಕ ತಣ್ಣಗಾದ. ಏಳು ವರ್ಷದ ಮಗು ತನ್ನ ಬಗ್ಗೆ ಹಾಗೆ ಹೇಳಿಕೊಂಡದ್ದು ಕೇಳಿ ನನಗೂ ಸಂಕಟವಾಯಿತು.

"ಒಂದೇ ಸಲ ಕೇಳಿ ಇಡೀ ಪುಟ ಒಪ್ಪಿಸೋಳು ದಡ್ಡಿ ಹೇಗಾಗ್ತಾಳೆ?" ಅಂದಳು ಸೋಲ್ರೂನ್. ಆಮೇಲೆ ಅಜ್ಜನ ಕಡೆ ತಿರುಗಿದಳು. "ಇವತ್ತು ಬಾಗಿಲಲ್ಲಿ ನಿಂತು ಒಂದೊಂದೇ ಕುರಿ ನೋಡಿ ಬಿಟ್ರಲ್ಲ, ಯಾಕಜ್ಜ?"

"ಯಾವುದು ಕುಂಟುತ್ತೆ ಅಂತ."

"ಕುಂಟಿದ್ದನ್ನ ಏನ್ಮಾಡಿದ್ರಿ?"

"ಪಕ್ಕಕ್ಕೆ ಹಿಡಿದು ಗೊರಸು ಎತ್ತಿ ನೋಡ್ದೆ. ಕಲ್ಲು ಎಲ್ಲಿ ಸಿಕ್ಕೊಂಡಿದೆ ಅಂತ ಗೊತ್ತಾಗಬೇಡ್ವಾ?"

"ನಾನು ಮಾಡೋದೂ ಅಷ್ಟೇ. ಮೊದಲು ಎಲ್ಲರದ್ದೂ ಒಂದು ಸಣ್ಣ ತಪಾಸಣೆ. ಎಡವೋರನ್ನ ಕೂರಿಸ್ಕೊಂಡು ಎಲ್ಲಿ ಎಡವ್ತಾರೆ ಅಂತ ನೋಡೋದು ಎರಡನೇದು. ಕುಂಟೋ ಕುರಿಗೆ ನೀವು ಮಾರ್ಕ್ಸ್ ಕೊಡ್ತೀರಾ?"

ಕೋಲ್ಬೇನ್ ಉಣ್ಣೆ ಅಂಗಿಯ ಜೇಬಿನಿಂದ ಮುದುಡಿದ ಪತ್ರ ತೆಗೆದು ತೊಡೆಯ ಮೇಲೆ ಸವರಿ ನೆಟ್ಟಗೆ ಮಾಡಿದ. ಸ್ಟೇನುನ್ ಅಂದು ಸಂಜೆಯೇ ಸಹಿ ಹಾಕಿದಳು.

ಮುಂದಿನ ವಾರ ಹತ್ತಿರದಿಂದ ನೋಡಿದಾಗ ವಿಷಯ ತಿಳಿಯಿತು. ಕಣ್ಣು, ಕಿವಿ ಸರಿಯಾಗಿವೆ. ಅಕ್ಷರಗಳೂ ಗೊತ್ತು. ಒಂದಕ್ಕೊಂದು ಕೂಡಿಸುವಾಗ ಮೂರನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಕೈತಪ್ಪುತ್ತದೆ. ಅದಕ್ಕೆ ತಕ್ಕ ಪಾಠ ದಿನಕ್ಕೆ ಇಪ್ಪತ್ತು ನಿಮಿಷ ಶುರುವಾಯಿತು. ಬಸ್ಸಿನಲ್ಲಿ ಲೋವಾ ನನ್ನ ಹಿಂದಿನ ಸೀಟಿಗೆ ಬಂದು ಕೂತು, "ನಾನು ದಡ್ಡಿ ಅಲ್ವಂತೆ. ಅಕ್ಷರ ಕೂಡಿಸೋದು ಮಾತ್ರ ಕಷ್ಟವಂತೆ," ಎಂದಳು. ನನಗೆ ಎದೆಯ ಮೇಲಿನ ಭಾರ ಇಳಿದಂತಾಯಿತು. ಬರಬರುತ್ತಾ ಅವಳ ಬೆಳಗಿನ ಹೊಟ್ಟೆನೋವೂ ನಿಂತಿತು.

ಮಾರ್ಚಿನಲ್ಲಿ ಒಂದು ಮಧ್ಯಾಹ್ನ ಅವರ ಮನೆಗೆ ಕಾಫಿಗೆ ಹೋಗಿದ್ದೆ. ಯಾರೂ ಓದಿ ಹೇಳದ ಹೊಸ ಪುಟ. ಲೋವಾ ನಿಧಾನವಾಗಿ ಓದಿದಳು. ಅಜ್ಜ ಕನ್ನಡಕ ಹಾಕಿಕೊಂಡು ಅವಳ ಬೆರಳನ್ನೇ ನೋಡುತ್ತಿದ್ದ. ಮುಗಿದ ಮೇಲೆ ಶಾಲೆಯ ಪುಸ್ತಕ ತೆಗೆದು ಬರೆದ:

"ಎರಡು ಕಡೆ ಎಡವಿದಳು. ತಾನೇ ತಿದ್ದಿಕೊಂಡಳು. ಕಣ್ಣಾರೆ ನೋಡಿದ್ದೇನೆ."

ಕೆಳಗೆ ಅದೇ ದೊಡ್ಡ ಸಹಿ.

ಇದನ್ನು ಓದುತ್ತಿರುವ ಅಪ್ಪ, ಅಮ್ಮ, ಅಜ್ಜ, ಅಜ್ಜಿಯರೇ, ನಿಮ್ಮ ಮಗುವೂ ಕೇಳಿದ್ದನ್ನೇ ಒಪ್ಪಿಸುತ್ತಿರಬಹುದು. ಇವತ್ತೇ ಒಂದು ಹೊಸ ಪುಟ ಕೊಟ್ಟು ಪಕ್ಕದಲ್ಲಿ ಕೂತು ನೋಡಿ. ತಡವರಿಸಿದರೆ ಬೈಯಬೇಡಿ. ಶಾಲೆಗೆ ಹೋಗಿ, ನಮ್ಮ ಮಗುವಿನ ಓದಿನ ತಪಾಸಣೆ ಆಗಿದೆಯೇ ಎಂದು ಕೇಳಿ. ಅದರಲ್ಲಿ ಪಾಸು, ಫೇಲು ಇಲ್ಲ. ನೀವು ಬೇಗ ಕೇಳಿದಷ್ಟೂ ಬೆಳಗಿನ ಆ ಹೊಟ್ಟೆನೋವು ಬೇಗ ವಾಸಿಯಾಗುತ್ತದೆ.