ಕಳ್ಳಿಯ ಬುಡಕ್ಕೆ ಒಂದು ತಂಬಿಗೆ ನೀರು

ನನ್ನ ಹುಟ್ಟು ಅಂದರೆ ಒಂದು ಕುಡುಗೋಲಿನ ಏಟು. ಮಾಲಿ ಹುಸೇನಸಾಬ ತಾಯಿಯ ಮೈಯಿಂದ ನನ್ನನ್ನು ಕತ್ತರಿಸಿದ. ಗಾಯದ ಹಾಲು ಒಣಗುವವರೆಗೆ ಹತ್ತು ದಿನ ನೆರಳಲ್ಲಿ ಮಲಗಿಸಿ, ಆಮೇಲೆ ಗರಸು ಮಣ್ಣಿನಲ್ಲಿ ನೆಟ್ಟ. ನಾನು ಕಳ್ಳಿಮರ. ಮೈತುಂಬ ಮುಳ್ಳು. ನನ್ನ ಹಾಲು ಕಣ್ಣಿಗೆ ಬಿದ್ದರಂತೂ ಕೇಳಲೇಬೇಡಿ. ಇಂಥವನನ್ನು ಯಾರು ಹತ್ತಿರ ಕರೆಯುತ್ತಾರೆ ಹೇಳಿ?

ಆಳೆತ್ತರ ಬೆಳೆದ ಮೇಲೆ, ಹುಸೇನಸಾಬನೇ ತೋಟ ನೋಡಿಕೊಳ್ಳುತ್ತಿದ್ದ ವಿಜಯಪುರದ ಒಂದು ಅತಿಥಿಗೃಹಕ್ಕೆ ಬಂದೆ. ನೀರು ಬೇಡದ ತೋಟ ಮಾಡಬೇಕೆಂದು ಅಲ್ಲಿನ ಸಾಹೇಬರು ತುಳಸಿಕಟ್ಟೆ ಒಡೆಸಿ, ಅದೇ ಜಾಗದಲ್ಲಿ ನನ್ನನ್ನು ನಿಲ್ಲಿಸಿದರು. ಅಡುಗೆಯ ಅಂಬಾಬಾಯಿಯೋ, ತುಳಸಿಗೆ ನೀರೆರೆಯದೆ ತುತ್ತು ಮುಟ್ಟುವವಳಲ್ಲ. ಮರುದಿನ ಬೆಳಿಗ್ಗೆ ತಂಬಿಗೆ ಹಿಡಿದು ಬಂದು ನನ್ನನ್ನು ದುರುಗುಟ್ಟಿ ನೋಡಿದಳು.

"ಅಯ್ಯ ವಿಠ್ಠಲಾ! ತುಳಸವ್ವನ ಜಾಗಾದಾಗ ನೀ ಬಂದು ನಿಂತೀಯೇನೋ? ಇರ್ಲಿ, ಜಾಗಾ ಆಕೀದೇ ಐತಲ್ಲ."

ನನ್ನ ಬುಡಕ್ಕೇ ನೀರು ಸುರಿದಳು. ಅಂದಿನಿಂದ ದಿನಾ ಬಂದಳು. ಮೊಣಕಾಲಿನ ನೋವು, ಉಪ್ಪು ಹೆಚ್ಚಾಯಿತೆಂದು ಗೊಣಗುವ ಅತಿಥಿಗಳು, ಎಲ್ಲ ಹೇಳಿಕೊಳ್ಳುತ್ತಿದ್ದಳು. ಆ ನೀರು ನನಗೆ ಆಗುತ್ತಿರಲಿಲ್ಲ. ಆದರೂ ಬೆಳಗಾಗುವುದನ್ನೇ ಕಾಯುತ್ತಿದ್ದೆ.

ಎರಡನೇ ವರ್ಷ ಹುಸೇನಸಾಬ ನನ್ನ ಬುಡ ಒತ್ತಿ ನೋಡಿದ. "ಬಾಯಾರ, ನೀರು ಹಾಕೂದು ಬಿಡ್ರಿ. ಬುಡ ಕೊಳಿಯಾಕ ಹತ್ತೈತಿ. ಹಿಂಗಾದ್ರ ಮರ ಬೀಳತೈತಿ."

"ಹಂಗಾರ ನಾನೇ ಕೊಲ್ಲಾಕತ್ತಿದ್ನೇನೋ ಸಾಬಣ್ಣ?" ಅಂಬಾಬಾಯಿ ತಂಬಿಗೆಯನ್ನು ಎದೆಗವಚಿಕೊಂಡಳು.

ಅವನು ಕೊಳೆತದ್ದನ್ನು ಕೆರೆದು ಬೂದಿ ತುಂಬಿದ. ಅವಳು ಹಿತ್ತಲಲ್ಲಿ ಎಣ್ಣೆ ಡಬ್ಬಿಯೊಂದಕ್ಕೆ ಹೊಸ ತುಳಸಿ ನೆಟ್ಟಳು. ನನ್ನ ಹತ್ತಿರ ಬರುವುದನ್ನೇ ಬಿಟ್ಟಳು.

ನಾನು ಉಳಿದೆ, ಮಹಡಿಯೆತ್ತರ ಬೆಳೆದೆ. ಅಷ್ಟು ಮೇಲಿನಿಂದ ಹಿತ್ತಲು ಕಾಣುತ್ತದೆ. ಅವಳು ತುಳಸಿಯೊಡನೆ ಮಾತಾಡುವುದೂ ಕಾಣುತ್ತದೆ. ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ ಹೇಳಲಿ? ಅತಿಥಿಗಳು ದೂರ ನಿಂತು ಫೋಟೋ ತೆಗೆದು, "ಈ ಮರಕ್ಕೆ ಯಾರೂ ಬೇಡ, ಏನೂ ಬೇಡ" ಅನ್ನುತ್ತಾರೆ. ಇವರಿಗೇನು ಗೊತ್ತು!

ಈ ಬೇಸಿಗೆಯಲ್ಲಿ ಡಬ್ಬಿಯ ತುಳಸಿ ಒಣಗಿತು. ಮರುದಿನ ಬೆಳಿಗ್ಗೆ ಅಂಬಾಬಾಯಿ ಕುಂಟುತ್ತ ನನ್ನ ಬಳಿಗೆ ಬಂದಳು, ಕೈಯಲ್ಲಿ ಅದೇ ತಂಬಿಗೆ. ಹಾಕು ತಾಯಿ, ಕೊಳೆತರೆ ಕೊಳೆಯಲಿ ಎಂದು ಕೂಗಿಕೊಂಡೆ. ನನ್ನ ಕೂಗು ಯಾರಿಗೆ ಕೇಳಬೇಕು? ಅವಳು ತಂಬಿಗೆ ಬಾಗಿಸಹೋದವಳು ತಟ್ಟನೆ ನಿಂತಳು.

"ಬ್ಯಾಡಪಾ. ನೀ ಬದುಕು."

ತುಂಬಿದ ತಂಬಿಗೆಯೊಂದಿಗೆ ಹಿಂದಿರುಗಿದಳು. ಮಧ್ಯಾಹ್ನ ಅತಿಥಿಗಳಿಗೆಲ್ಲ ಬಡಿಸಿ ಹಿತ್ತಲ ಮೆಟ್ಟಿಲ ಮೇಲೆ ಬಂದು ಕುಳಿತಳು. ಪಕ್ಕದಲ್ಲಿ ತಂಬಿಗೆ ಹಾಗೇ ಇತ್ತು. ಆ ದಿನ ಅವಳು ಉಣ್ಣಲಿಲ್ಲ.