ಕಾಡುಟಗರಿನ ನಾಣ್ಯ

ಆ ಭಾನುವಾರ ಬೆಳಗ್ಗೆ ಗಾಳಿಯೇ ಇರಲಿಲ್ಲ. ರಾತ್ರಿಯ ಮಂಜು ನಮ್ಮ ಅಲ್ಮಾಟಿ ಪಟ್ಟಣದ ಸೇಬಿನ ಮರಗಳ ಮೇಲೆ ಹಾಗೇ ಹೆಪ್ಪುಗಟ್ಟಿತ್ತು, ದೇವರು ಆಗಷ್ಟೇ ಬೆಳ್ಳಿ ನಾಣ್ಯ ಟಂಕಿಸಿ ಇಟ್ಟ ಹಾಗೆ. ನಮಾಜು ಮುಗಿಸಿ ಕೈಯೆತ್ತಿ ಬೇಡಿಕೊಂಡೆ: "ಕ್ಷಮಿಸೋ ಮನಸ್ಸು ಕೊಡು ದೇವರೇ. ಆದ್ರೆ ಇವತ್ತು ಬೇಡ."

ಅಪ್ಪ ಮಗಳಾದ ನನಗೆ ಬಿಟ್ಟುಹೋದದ್ದು ಒಂದು ಬೆಳ್ಳಿ ನಾಣ್ಯ. ಕನ್ನಡಿಯಂತೆ ಹೊಳೆಯುವ ಮೈ, ಅದರ ಮೇಲೆ ಹಿಮದ ಹಾಗೆ ಬೆಳ್ಳಗೆ ಉಬ್ಬಿ ನಿಂತ ಕಾಡುಟಗರು. ಕೊಂಬಿನ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಜಾಗಕ್ಕೆ ಆ ಬಿಳುಪು ಹತ್ತಿರಲಿಲ್ಲ. ಅಪ್ಪ ಅದನ್ನು ಟಗರಿನ ಮಚ್ಚೆ ಅನ್ನುತ್ತಿದ್ದ. ತನ್ನದರ ಜೊತೆ ಇಟ್ಟು ನೋಡಿ ಕೊಡುತ್ತೇನೆಂದು ಗೆಳೆಯ ಮಿರ್ಜಾಖ್ಮೆತ್ ಒಯ್ದ. ತಂದುಕೊಟ್ಟದ್ದು ಬೇರೆಯದು. ಮಚ್ಚೆಯಿಲ್ಲ, ಕನ್ನಡಿಯ ತುಂಬ ಬಟ್ಟೆ ತಿಕ್ಕಿದ ಗೀರು. ಕೇಳಿದರೆ ಭಾನುವಾರದ ಕೂಟದಲ್ಲಿ ನಾಣ್ಯ ಸಂಗ್ರಾಹಕರೆಲ್ಲರ ಮುಂದೆ ನಕ್ಕ: "ಪಾತ್ರೆ ಬೆಳಗೋ ಕೈ ನಿಂದು! ನೀನೇ ಒರೆಸಿ ಹಾಳು ಮಾಡ್ಕೊಂಡೆ."

ನಾಣ್ಯಗಳ ಫೋಟೋ ತೆಗೆಯುವುದೇ ನನ್ನ ಕಸುಬು. ಅಂದಿನಿಂದ ಯಾರೂ ನನ್ನ ಕೈಗೆ ಒಂದು ನಾಣ್ಯ ಕೊಡಲಿಲ್ಲ.

ಮೊನ್ನೆ ಯಾರದೋ ಗುರುತಿಲ್ಲದ ಹೆಸರಲ್ಲಿ ಟಗರಿನ ನಾಣ್ಯವೊಂದು ಇಂಟರ್ನೆಟ್ಟಿನಲ್ಲಿ ಮಾರಾಟಕ್ಕೆ ಬಂತು. ಫೋಟೋ ಹಿಗ್ಗಿಸಿ ನೋಡಿದೆ: ಕೊಂಬಿನಲ್ಲಿ ಮಚ್ಚೆ! ಇಂಥ ನಾಣ್ಯ ತೆಗೆಯುವಾಗ ಕಪ್ಪು ರಟ್ಟಿನ ಮರೆಯಲ್ಲಿ ನಿಂತು, ಅದರ ತೂತಿನಲ್ಲಿ ಕ್ಯಾಮೆರಾ ಇಡಬೇಕು; ಇಲ್ಲದಿದ್ದರೆ ಆ ಕನ್ನಡಿ ಎದುರಿಗಿದ್ದವರನ್ನೂ ಹಿಡಿದುಕೊಳ್ಳುತ್ತದೆ. ಅವಸರದಲ್ಲಿ ಮಾರುವವನಿಗೆ ರಟ್ಟು ಮರೆತಿತ್ತು. ಟಗರಿನ ಹೊಟ್ಟೆಯ ಕೆಳಗೆ ಕನ್ನಡಿಯಲ್ಲಿ ಮೂಡಿತ್ತು ಮಿರ್ಜಾಖ್ಮೆತ್‌ನ ನರಿತುಪ್ಪಳದ ಟೋಪಿ, ಜೋಲು ಮೀಸೆ.

ಆ ಫೋಟೋವನ್ನು ರೊಟ್ಟಿ ಹಲಗೆಯಷ್ಟು ಅಗಲಕ್ಕೆ ಅಚ್ಚು ಹಾಕಿಸಿ, ಆ ಭಾನುವಾರದ ಕೂಟದಲ್ಲಿ ಅವನ ಮೇಜಿನ ಎದುರಿಗೇ ಗೋಡೆಗೆ ಅಂಟಿಸಿದೆ. ಎಲ್ಲರಿಗಿಂತ ಹಿರಿಯ ತೊಕ್ತಾರ್ ಅಜ್ಜ ಭೂತಗನ್ನಡಿ ಹಿಡಿದು ಬಗ್ಗಿದ.

"ಲೋ ಮಿರ್ಜಾ, ಈ ಟಗರು ನಿನ್ನ ನುಂಗಿದ್ದು ಯಾವಾಗಲೋ?"

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ ಅವನು ತಲೆಯ ಟೋಪಿ ಕಿತ್ತು ಬೆನ್ನ ಹಿಂದೆ ಅಡಗಿಸಿದ.

"ಟೋಪಿ ಆಯ್ತು, ಮೀಸೆ ಎಲ್ಲಿ ಬಚ್ಚಿಡ್ತೀಯಣ್ಣ?" ಅಂದೆ.

ಕೂಟ ಗೊಳ್ಳೆಂದಿತು. "ಅಕ್ಕಾ, ಹೊರಗೆ ಹೋಗಿ ಮಾತಾಡೋಣ," ಅಂತ ಅವನು ಗೊಣಗಿದ.

"ನನ್ನ ಕೈಗೆ ಮಸಿ ಬಳಿದಿದ್ದು ಒಳಗೆ. ಇಲ್ಲೇ ಹೇಳು, ನಾಣ್ಯ ತಿಕ್ಕಿದ್ದು ಯಾರು?"

"ನಾನೇ. ತಿಕ್ಕಿ ನನ್ನದು ಹಾಳಾಗಿತ್ತು, ಅದಕ್ಕೇ ನಿಂದರ ಜೊತೆ ಬದಲಾಯಿಸ್ದೆ."

"ಜೋರಾಗಿ ಹೇಳು, ಅಜ್ಜನಿಗೆ ಕಿವಿ ಮಂದ."

"ನಂಗೆ ಚೆನ್ನಾಗೇ ಕೇಳುತ್ತೆ," ಅಂದ ಅಜ್ಜ. "ಆದ್ರೂ ಇನ್ನೊಂದ್ಸಲ ಹೇಳಿಸು."

ಮಿರ್ಜಾಖ್ಮೆತ್ ಇನ್ನೊಮ್ಮೆ ಹೇಳಿದ. ಚಳಿಯಲ್ಲಿ ಬಿಸಿ ಚಹಾ ಇಳಿದ ಹಾಗೆ ಆ ಮಾತು ನನ್ನ ಎದೆಗಿಳಿಯಿತು. ಸುಳ್ಳೇಕೆ ಹೇಳಲಿ, ಮೂರನೇ ಸಲವೂ ಹೇಳಿಸಬೇಕೆನಿಸಿತ್ತು.

ಅಷ್ಟರಲ್ಲಿ ಅವನು ಕೋಟಿನ ಒಳಜೇಬಿನಿಂದ ಅಪ್ಪನ ನಾಣ್ಯವಿದ್ದ ಪೆಟ್ಟಿಗೆ ತೆಗೆದು, ತಲೆ ತಗ್ಗಿಸಿ ನನ್ನ ಕೈಯಲ್ಲಿಟ್ಟ.